ತೂಬಿನ ಕೂಗಿಗೆ ಓಗೊಟ್ಟವರು

ಮರಿಸಿದ್ದಯ್ಯ ತೂಬಿನ ಚಕ್ರಕ್ಕೆ ಕೈ ಹಚ್ಚಲು ಸುತರಾಂ ಒಪ್ಪಲಿಲ್ಲ.

“ನೀವೇ ತಿರುಗ್ಸ್ಕಳಿ ಮೇಡಂ. ನನ್ ಕೈಲಾಗಾಕಿಲ್ಲ.”

ಮದ್ದೂರು ಕಡೆಯ ಸಬ್ ಇನ್‌ಸ್ಪೆಕ್ಟರ್ ನಾಗಶ್ರೀ ಚಕ್ರವನ್ನೂ ನೋಡಿದಳು, ಅವನ ಕೈಗಳನ್ನೂ ನೋಡಿದಳು. ಬೆಸಗರಹಳ್ಳಿಯಿಂದ ಒಳಕ್ಕೆ ಸಿಗುವ ಕೋಡಿದೊಡ್ಡಿಯಲ್ಲಿ ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿ ಅವನು. ನಾಲೆಯ ಕೊನೆಯಲ್ಲಿ ಮಿಕ್ಕ ನೀರನ್ನು ಹೊಂಗೆಹಳ್ಳಕ್ಕೆ ಬಿಡುವ ಈ ತೂಬನ್ನು ಎತ್ತಿ ಇಳಿಸಿಯೇ ಅವನ ಅಂಗೈ ದಪ್ಪಗಾಗಿತ್ತು. ಅಂಥವನು ಇವತ್ತು ಎರಡೂ ಕೈಗಳನ್ನು ಟವೆಲ್ಲಿನೊಳಗೆ ಸುತ್ತಿಕೊಂಡು ನಿಂತಿದ್ದ.

ಹೋದ ಶುಕ್ರವಾರ ಇದೇ ಹಳ್ಳದಲ್ಲಿ ಶೋಭಿತಾ ಸತ್ತಿದ್ದಳು. ಇದೇ ಊರಿನ ಹುಡುಗಿ. ಓದಿ, ಕೆಲಸ ಹಿಡಿದು, ಹಳ್ಳದ ನೀರಿನ ಅಳತೆ ತೆಗೆಯಲು ಇಳಿದವಳು ಸೇತುವೆಯ ಕೆಳಗೆ ಮರಳು ತೆಗೆದ ಗುಂಡಿಗೆ ಕೊಚ್ಚಿಹೋಗಿದ್ದಳು. ಆಕಸ್ಮಿಕ ಅಂತ ಬರೆದು ಮುಗಿಸಿ ಎಂದು ಮೇಲಿನವರು ಹೇಳಿಯಾಗಿತ್ತು.

ಬರೆಯಲು ಅಡ್ಡಿಯಾಗಿದ್ದು ಒಂದೇ ಸಂಗತಿ. ಮಳೆಯ ಸುಳಿವೇ ಇಲ್ಲದ ಕಾಲದಲ್ಲಿ, ಮೇಕೆಯ ಗೊರಸು ನೆನೆಯುವಷ್ಟು ಮಾತ್ರ ಹರಿಯುವ ಹಳ್ಳಕ್ಕೆ ಆಳು ಕೊಚ್ಚಿಹೋಗುವಷ್ಟು ನೀರು ಎಲ್ಲಿಂದ ಬಂತು?

ಇನ್ನೊಂದು ಅಡ್ಡಿಯೂ ಇತ್ತು. ಶೋಭಿತಾಳ ತಾಯಿ ಪಟ್ಟಲಮ್ಮ. ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಠಾಣೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಅಳುತ್ತಿರಲಿಲ್ಲ, ಯಾರನ್ನೂ ಬೈಯುತ್ತಿರಲಿಲ್ಲ. ನೀರು ಬಿಡಿಸಿದ್ದು ಯಾರು ಅಂತ ಹೇಳವ್ವ, ಅಷ್ಟೇ ಸಾಕು ಎನ್ನುತ್ತಿದ್ದಳು. ಆ ತಾಯಿಗೆ ಒಂದು ಹೆಸರು ಕೊಡಬೇಕೆಂದು ನಾಗಶ್ರೀಗೆ ಹಟ ಹತ್ತಿತ್ತು. ಎಂಥ ಹೆಸರು ಸಿಗಬಹುದೆಂದು ಗೊತ್ತಿದ್ದಿದ್ದರೆ ಅವಳು ಆ ಹಟ ಹಿಡಿಯುತ್ತಿರಲಿಲ್ಲವೇನೋ.

ನಾಗಶ್ರೀ ಚೀಲದಿಂದ ಬಾಡಿದ ಹಸಿರು ಗಿಡವೊಂದನ್ನು ತೆಗೆದು ತೂಬಿನ ಕಟ್ಟೆಯ ಮೇಲಿಟ್ಟಳು. ಅಂತರಗಂಗೆ. ನಾಲೆಯ ನಿಂತ ನೀರಿನಲ್ಲಿ ಮೊಲದ ಕಿವಿಯ ಹಾಗೆ ಎಲೆ ಬಿಡುವ ಜೊಂಡು. ಬೆಳಿಗ್ಗೆ ಹಳ್ಳದುದ್ದಕ್ಕೂ ನಡೆದಾಗ ಲಂಟಾನದ ಪೊದೆಗಳಿಗೆ ಸೊಂಟದ ಎತ್ತರದಲ್ಲಿ ಅದು ಸಿಕ್ಕಿಕೊಂಡಿತ್ತು. ಒಣಗಿ ಕಡ್ಡಿಯಾದದ್ದೂ ಇತ್ತು, ಇನ್ನೂ ಹಸಿ ಆರದ್ದೂ ಇತ್ತು. ಹಳ್ಳದಲ್ಲಿ ಬೆಳೆಯದ ಜೊಂಡು ಹಳ್ಳದ ಪೊದೆಗೆ ಮತ್ತೆ ಮತ್ತೆ ಬಂದು ಸಿಕ್ಕಿಕೊಂಡಿದ್ದರೆ, ಯಾರೋ ನಾಲೆಯ ನೀರನ್ನು ಮತ್ತೆ ಮತ್ತೆ ಹಳ್ಳಕ್ಕೆ ಬಿಟ್ಟಿದ್ದಾರೆ.

ಮರಿಸಿದ್ದಯ್ಯ ಗಿಡವನ್ನು ನೋಡಿ ಏರಿಯ ಮೇಲೆ ಕುಕ್ಕರಿಸಿದ. ಆಮೇಲೆ ಅವನನ್ನು ಕೇಳಬೇಕಾಗಿಯೇ ಬರಲಿಲ್ಲ, ಎಲ್ಲ ತಾನಾಗಿ ಹೇಳಿದ.

ಅಳತೆಯವರು ಬರುವುದು ಮಂಗಳವಾರ. ಹಲವು ವರ್ಷಗಳಿಂದ ಹಾಗೇ. ಬರುವ ಮೊದಲು ಊರಿನ ಮುಖಂಡ ಕೆಂಪಯ್ಯನಿಂದ ಇವನಿಗೆ ಫೋನು ಬರುತ್ತದೆ, ಇವನು ತೂಬು ಎತ್ತುತ್ತಾನೆ. ಅಳತೆಯವರು ಬರುವ ಹೊತ್ತಿಗೆ ಹಳ್ಳ ತುಂಬಿ ಹರಿದು, ಹದಕ್ಕೆ ಬಂದು, ಕಣ್ಣಿಗೆ ತಂಪಾಗಿರುತ್ತದೆ. ಅವರು ಅಳೆದುಕೊಂಡು ಹೋದಮೇಲೆ ಮತ್ತೆ ಒಣ ಹಳ್ಳ.

ಯಾಕೆ ಎಂದರೆ ಕಾರಣ ಸರಳ. ಶಿಂಷಾ ನದಿಗೆ ಸೇರುವ ಹಳ್ಳಕೊಳ್ಳಗಳನ್ನೆಲ್ಲ ಅಳೆದು, ಹಳಬರು ಅಳೆದಿಟ್ಟದ್ದನ್ನೂ ಸೇರಿಸಿ, ಇಡೀ ಕಣಿವೆಯ ನೀರಿನ ಮಾಹಿತಿಯನ್ನು ಒಂದೆಡೆ ಕೂಡಿಸುತ್ತಿದ್ದಾರೆ ಎಂಬ ಸುದ್ದಿ ಊರಿಗೆ ಬಂದಿತ್ತು. ನೀರಿಲ್ಲದ ಹಳ್ಳವನ್ನು ನಕ್ಷೆಯಿಂದಲೇ ಹೊಡೆದುಹಾಕುತ್ತಾರಂತೆ, ನೀರಿರುವ ಹಳ್ಳಕ್ಕೆ ಒಡ್ಡು ಕಟ್ಟಿಕೊಡುತ್ತಾರಂತೆ ಎಂದು ಯಾರೋ ಹೇಳಿದರು. ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ಮಕ್ಕಳಿಗೆ ಇಸ್ತ್ರಿ ಬಟ್ಟೆ ತೊಡಿಸಿ ಕಳಿಸುವ ಜನ ನಾವು. ಹಳ್ಳಕ್ಕೂ ಅದನ್ನೇ ಮಾಡಿದರು. ಒಬ್ಬರಿಗೂ ಇದು ಮೋಸ ಅನ್ನಿಸಲಿಲ್ಲ. ಊರಿನ ಮರ್ಯಾದೆ ಅನ್ನಿಸಿತು.

“ಶುಕ್ರವಾರ ಯಾಕೆ ಬಿಟ್ಟೆ? ಅವತ್ತು ಅಳತೆಯ ದಿನ ಅಲ್ಲವಲ್ಲ.”

“ಕೆಂಪಯ್ಯನೋರು ಫೋನ್ ಮಾಡುದ್ರು. ಇವತ್ತೇ ಬತ್ತಾವ್ರಂತೆ, ಬಿರ್ನೆ ಬುಡು ಅಂದ್ರು. ಬುಟ್ಟೆ.” ಅವನು ಟವೆಲ್ಲನ್ನು ಇನ್ನಷ್ಟು ಬಿಗಿದುಕೊಂಡ. “ಸುಮ್ಕೆ ಬುಡ್ನಿಲ್ಲ ಮೇಡಂ. ಕೂಗೇ ಬುಟ್ಟೆ.”

ಅದು ಆ ಊರಿನ ಕಟ್ಟಲೆ. ತೂಬು ಎತ್ತುವ ಮೊದಲು ನೀರುಗಂಟಿ ಏರಿಯ ಮೇಲೆ ನಿಂತು ನೀರು ಬತ್ತದೆ ಎಂದು ಹಳ್ಳದ ಕೆಳಗಿನವರಿಗೆ ಕೂಗಬೇಕು. ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಬಳಿ ಇದ್ದವರು ಎದ್ದು, ತಿರುವಿನ ತನಕ ಹೋಗಿ, ಅದರಾಚೆ ದನವೋ ಮಗುವೋ ಇದೆಯೇ ಎಂದು ನೋಡಿ, ಬುಡು ಎಂದು ತಿರುಗಿ ಓಗೊಡಬೇಕು. ಓಗೊಟ್ಟ ಮೇಲೆಯೇ ಚಕ್ರ ತಿರುಗುವುದು. ಓಗೊಡುವವರು ಇಲ್ಲದಿದ್ದರೆ ನೀರುಗಂಟಿಯೇ ಇಳಿದು ಹೋಗಿ ನೋಡಿಬರಬೇಕು. ಅವನಪ್ಪನ ಕಾಲದಿಂದಲೂ ಈ ಹಳ್ಳದಲ್ಲಿ ಒಂದು ಕೋಳಿಮರಿಯೂ ನೀರುಪಾಲಾದದ್ದಿಲ್ಲ.

“ಅವತ್ತು ಓಗೊಟ್ಟರಾ?”

“ಊಂ.”

“ಯಾರು?”

ಮರಿಸಿದ್ದಯ್ಯ ನಾಲೆಯ ಕಡೆ ಮುಖ ತಿರುಗಿಸಿದ. ಎಂಗಸಿನ ದನಿ ಎಂದ. ಊರಿನ ಹೆಂಗಸರನ್ನೆಲ್ಲ ದನಿಯಲ್ಲೇ ಗುರುತು ಹಿಡಿಯುವವನಿಗೆ ಈ ದನಿ ಯಾರದೆಂದು ಗೊತ್ತಾಗಲಿಲ್ಲವೇ ಎಂದು ನಾಗಶ್ರೀ ಕೇಳಿದಳು.

“ಗೊತ್ತಿಲ್ಲ ಅಂತ ಬರ್ಕಳಿ,” ಎಂದ.

ಟವೆಲ್ಲಿನ ಕೈ ಬಿಚ್ಚದೆಯೇ ಎದ್ದು ಏರಿ ಇಳಿದು ಹೊರಟ.

ಕೆಂಪಯ್ಯ ಆಲೆಮನೆಯಲ್ಲಿ ಸಿಕ್ಕಿದ. ಒಲೆಯ ಮೇಲೆ ಕಬ್ಬಿನಹಾಲು ಉಕ್ಕುತ್ತಿತ್ತು, ಇವನೂ ಹಾಗೇ ಉಕ್ಕಿದ. ಊರಿಗೊಂದು ಒಳ್ಳೆಯದಾಗಲಿ ಅಂತ ಮಾಡಿದ್ದು, ಹೆಣ್ಣುಮಗು ನೀರಲ್ಲಿ ನಿಂತಿರುತ್ತಾಳೆ ಅಂತ ಯಾವನು ಕಂಡಿದ್ದ ಎಂದು ಕೂಗಾಡಿದ. ಶೋಭಿತಾ ಸಣ್ಣವಳಿದ್ದಾಗ ಇದೇ ಆಲೆಮನೆಗೆ ಬೆಲ್ಲಕ್ಕೆ ಬರುತ್ತಿದ್ದಳು ಎಂದ. ಹಾಗೆನ್ನುತ್ತಲೇ ಅವನ ಕೂಗು ತಣ್ಣಗಾಯಿತು.

ಅವತ್ತು ಇಡೀ ಬೆಳಿಗ್ಗೆ ಇಲ್ಲೇ ಇದ್ದೆ, ಆಳುಗಳನ್ನು ಕೇಳಿ ಎಂದ. ಆಳುಗಳು ಹೌದೆಂದರು. ಅವರು ಅವನ ಆಳುಗಳು, ಬೇರೇನು ಹೇಳಿಯಾರು ಎಂದು ನಾಗಶ್ರೀ ಮನಸ್ಸಿನಲ್ಲೇ ಅಂದುಕೊಂಡಳು.

ಶುಕ್ರವಾರ ಬರುತ್ತಾರೆಂದು ನಿಮಗೆ ಹೇಳಿದ್ದು ಯಾರು ಎಂಬ ಪ್ರಶ್ನೆಗೆ ಮಾತ್ರ ಅವನು ತಟ್ಟನೆ ಉತ್ತರ ಕೊಟ್ಟ.

“ಮಂಡ್ಯದ ದೊಡ್ ಮೇಡಂ. ಯಾವಾಗ್ಲೂ ಅವ್ರೇ ತಾನೇ ಏಳೋದು.”

ಮಂಡ್ಯದ ದೊಡ್ಡ ಮೇಡಂ ಎಂದರೆ ಡಾಕ್ಟರ್ ವೀಣ. ಶಿಂಷಾ ಕಣಿವೆಯ ಮಾಹಿತಿ ಕೂಡಿಸುವ ಕೆಲಸದ ಮುಖ್ಯಸ್ಥೆ, ಶೋಭಿತಾಳ ಮೇಲಧಿಕಾರಿ. ಹೆಣ ಸಿಕ್ಕಿದ ದಿನವೇ ಆಕೆ ಠಾಣೆಗೆ ಬಂದು, ಹುಡುಗಿ ಹಳ್ಳಕ್ಕೆ ಹೋದದ್ದು ತನಗೆ ಗೊತ್ತೇ ಇರಲಿಲ್ಲ ಎಂದು ಬರೆದುಕೊಟ್ಟು ಹೋಗಿದ್ದಳು.

ನಾಗಶ್ರೀ ಜೀಪು ಹತ್ತಿದಳು.

*

ವೀಣಾಳ ಕಚೇರಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಕಡೆಗೆ ಹೋಗುವ ರಸ್ತೆಯ ಒಂದು ಮಹಡಿ. ಒಳಗೆ ಕಾಲಿಟ್ಟರೆ ಗೋಡೆ ಕಾಣುವುದಿಲ್ಲ, ಬರೀ ಪುಸ್ತಕ. ಯಾವುದೋ ಕಾಲೇಜಿನ ಹುಡುಗ ಎಂದೋ ಬರೆದ ಪ್ರಬಂಧ, ಯಾವುದೋ ಇಲಾಖೆಯ ಬಾವಿ ಸಮೀಕ್ಷೆ, ಮಳವಳ್ಳಿ ಕಡೆಯ ಕೆರೆಗಳ ಹೂಳಿನ ಲೆಕ್ಕ, ಗೆದ್ದಲು ತಿಂದು ಅಂಚು ಉಳಿಯದ ಮಳೆಯ ದಾಖಲೆಗಳು. ಬರೆದವರು ಮರೆತದ್ದನ್ನು, ಬರೆಸಿಕೊಂಡವರು ರದ್ದಿಗೆ ಹಾಕಿದ್ದನ್ನು ಈಕೆ ಊರೂರು ಅಲೆದು ಹೆಕ್ಕಿ ತಂದಿದ್ದಳು. ಯಾರಿಗೆ ಎಷ್ಟು ನೀರು ಎಂದು ಹಂಚುವವರು ಊಹೆಯ ಮೇಲೆ ಹಂಚಬಾರದು, ಗೊತ್ತಿದ್ದದ್ದನ್ನೆಲ್ಲ ಮುಂದಿಟ್ಟುಕೊಂಡು ಹಂಚಬೇಕು ಎಂಬುದು ಆಕೆಯ ಆಸೆ. ಒಳ್ಳೆಯ ಆಸೆಯೇ. ನನ್ನನ್ನು ಕೇಳಿದರೆ, ಈ ಕಥೆಯಲ್ಲಿ ಕೆಟ್ಟ ಆಸೆ ಇಟ್ಟುಕೊಂಡವರನ್ನು ಇಲ್ಲಿಯ ತನಕ ನಾನು ಕಂಡಿಲ್ಲ, ಬೇಸರದ ಸಂಗತಿ ಅದೇ.

ಶೋಭಿತಾಳ ಮೇಜನ್ನು ಯಾರೂ ಮುಟ್ಟಿರಲಿಲ್ಲ. ಕುರ್ಚಿಯ ಬೆನ್ನಿಗೆ ಅವಳ ದುಪಟ್ಟ ಹಾಗೇ ಇತ್ತು.

ನಾಗಶ್ರೀ ಕೂತುಕೊಳ್ಳಲಿಲ್ಲ. ಹುಡುಗಿ ಹೋದದ್ದು ಗೊತ್ತಿರಲಿಲ್ಲ ಅಂದಿರಿ, ಕೆಂಪಯ್ಯನಿಗೆ ಫೋನ್ ಮಾಡಿದ್ದು ಯಾರು ಎಂದು ನೇರವಾಗಿ ಕೇಳಿದಳು. ವೀಣ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಿದ ಮೇಲೆ ಹಾಕಿಕೊಳ್ಳಲಿಲ್ಲ.

“ನಾನೇ ಮಾಡಿದೆ.”

“ಹಾಗಾದರೆ ಠಾಣೆಗೆ ಬಂದು ಬರೆದುಕೊಟ್ಟದ್ದು?”

“ಸುಳ್ಳು.”

ಊರಿನವರಿಗೆ ತಿಳಿಸದೆ ಯಾರೂ ಅಳತೆಗೆ ಹೋಗಬಾರದು ಎಂಬುದು ತಮ್ಮ ನಿಯಮ ಎಂದು ವೀಣ ಹೇಳಿದಳು. ಹೇಳದೆ ಹೋದರೆ ಹಳ್ಳಿಯವರು ಜಮೀನು ಸರ್ವೆಯವರೆಂದು ತಿಳಿದು ಅಟ್ಟಿಸಿಕೊಂಡು ಬರುತ್ತಾರೆ, ಸಲಕರಣೆ ಕಿತ್ತಿಟ್ಟುಕೊಳ್ಳುತ್ತಾರೆ. ಅದಕ್ಕೇ ಪ್ರತಿಸಲ ಫೋನು. ಆದರೆ ಗುರುವಾರ ಸಂಜೆ ಶೋಭಿತಾ ಬಂದು ನಾಳೆ ಯಾರಿಗೂ ಹೇಳದೆ ಹೋಗುತ್ತೇನೆ, ನೀವೂ ಹೇಳಬೇಡಿ ಎಂದಳಂತೆ. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತಂತೆ.

“ಅವಳಿಗೆ ಅನುಮಾನ ಬಂದಿತ್ತಾ?”

“ಅನುಮಾನ ಏನು, ಗೊತ್ತೇ ಆಗಿತ್ತು. ಅವಳ ಊರೇ ಅಲ್ಲವಾ ಅದು. ದೀಪಾವಳಿಗೆ ಮನೆಗೆ ಹೋದಾಗ, ಸಂಕ್ರಾಂತಿಗೆ ಹೋದಾಗ, ಹಳ್ಳ ಒಣಗಿರುತ್ತಿತ್ತು. ಕೆಲಸಕ್ಕೆ ಹೋದಾಗ ಮಾತ್ರ ತುಂಬಿರುತ್ತಿತ್ತು.”

“ನಿಮಗೆ?”

ವೀಣ ಕನ್ನಡಕವನ್ನು ಮೇಜಿನ ಮೇಲಿಟ್ಟಳು.

“ಗೊತ್ತಿತ್ತು ಅಂತ ಹೇಳಲಾರೆ. ಗೊತ್ತಾಗುವುದು ಬೇಡ ಅಂತಿದ್ದೆ.”

ಹೊಂಗೆಹಳ್ಳದ ಅಳತೆ ಒಂದೇ ಅಲ್ಲ, ಅದನ್ನು ನಂಬಿ ಸುತ್ತಲಿನ ಹಳ್ಳಗಳ ಅಂದಾಜು ಹಾಕಿದ್ದರು. ಅದೊಂದು ಸುಳ್ಳೆಂದರೆ ಆ ಭಾಗದ ಲೆಕ್ಕವೆಲ್ಲ ಸುಳ್ಳು, ಮತ್ತೆ ಮೊದಲಿನಿಂದ ಅಳೆಯಬೇಕು. ವರದಿ ಬರುವ ಸೋಮವಾರ ನೀರು ಹಂಚುವ ಸಮಿತಿಯ ಮುಂದೆ ಹೋಗುತ್ತದೆ. ಹುಡುಗಿ ಹೋಗಿ ಎಂದಿನಂತೆ ತುಂಬಿದ ಹಳ್ಳವನ್ನು ಕಂಡರೆ ತಾನೇ ಸುಮ್ಮನಾಗುತ್ತಾಳೆ, ವರದಿ ಹೋದಮೇಲೆ ನಿಧಾನಕ್ಕೆ ಸರಿಪಡಿಸಿದರಾಯಿತು ಎಂದುಕೊಂಡು ವೀಣ ಫೋನು ಎತ್ತಿದ್ದಳು.

ಹೆಣದ ಕೊರಳಲ್ಲಿ ಹೆಡ್‌ಫೋನು ಸಿಕ್ಕಿತ್ತು, ಅದೇನು ಎಂದು ನಾಗಶ್ರೀ ಕೇಳಿದಳು. ಎಲ್ಲರೂ ಹುಡುಗಿ ಹಾಡು ಕೇಳುತ್ತ ಮೈಮರೆತಿದ್ದಳು ಎಂದು ಆಡಿಕೊಂಡಿದ್ದರು.

ಆ ಮಾತಿಗೆ ವೀಣಾಳ ಕಣ್ಣು ತುಂಬಿತು. ಹಾಡಲ್ಲ ಎಂದಳು. ಹರಿಯುವ ನೀರಿನಲ್ಲಿ ಪುಟ್ಟ ಚಕ್ರವೊಂದನ್ನು ಇಳಿಬಿಡುತ್ತಾರೆ, ಅದು ತಿರುಗಿದಂತೆಲ್ಲ ಕಿವಿಯಲ್ಲಿ ಟಿಕ್ ಟಿಕ್ ಎನ್ನುತ್ತದೆ, ಅದನ್ನು ಎಣಿಸಿ ನೀರಿನ ವೇಗ ಲೆಕ್ಕ ಹಾಕುವುದು. ಎಣಿಸುವಾಗ ಹೊರಗಿನ ಸದ್ದು ಕಿವಿಗೆ ಬೀಳುವುದಿಲ್ಲ. ಈಗೆಲ್ಲ ಬೇರೆ ಸಲಕರಣೆ ಬಂದಿದೆ, ಆದರೆ ಹಳೆಯ ಅಳತೆಯ ಪಕ್ಕದಲ್ಲಿ ಇಟ್ಟು ನೋಡಬೇಕಾದರೆ ಹಳೆಯದರಲ್ಲೇ ಅಳೆಯಬೇಕು ಎಂದು ಶೋಭಿತಾಳೇ ಹಟ ಹಿಡಿದು ಇದನ್ನು ಇಟ್ಟುಕೊಂಡಿದ್ದಳು.

ಹಾಗಾದರೆ ಮರಿಸಿದ್ದಯ್ಯನ ಕೂಗು ಅವಳಿಗೆ ಕೇಳಿಸಿರಲು ಸಾಧ್ಯವೇ ಇಲ್ಲ. ಯಾರ ಕೂಗೂ.

“ಒಂದು ಕೇಳಲಾ ಮೇಡಂ,” ಎಂದಳು ನಾಗಶ್ರೀ. “ಅಷ್ಟು ಅವಸರ ಯಾಕಿತ್ತು ಅವಳಿಗೆ? ಸೋಮವಾರದ ಒಳಗೇ ಅಳೆಯಬೇಕು ಅಂತ?”

ವೀಣ ಕರಡು ವರದಿಯನ್ನು ಮೇಜಿನ ಮೇಲೆ ಅಂಗೈಯಿಂದ ಮುಚ್ಚಿದಳು, ಓದಲು ಕೊಡಲಿಲ್ಲ, ಬಾಯಲ್ಲೇ ಹೇಳಿದಳು. ಕೋಡಿದೊಡ್ಡಿಯವರಿಗೆ ತಮ್ಮ ಹಳ್ಳದಲ್ಲೇ ವರ್ಷವೆಲ್ಲ ನೀರಿದೆ ಎಂದು ಅಳತೆ ತೋರಿಸುತ್ತಿತ್ತು. ಹಳ್ಳದಲ್ಲಿ ನೀರಿರುವ ಊರಿಗೆ ನಾಲೆಯ ನೀರು ಯಾಕೆ? ಅವರ ಸರದಿಯ ನೀರನ್ನು ಕಡಿಮೆ ಮಾಡಿ ಬೇರೆ ಊರಿಗೆ ಕೊಡಬಹುದು ಎಂದು ವರದಿಯಲ್ಲಿ ಸಲಹೆ ಬಂದಿತ್ತು.

ನಾಗಶ್ರೀ ಕಿಟಕಿಯ ಬಳಿ ಹೋಗಿ ನಿಂತಳು. ಕೆಳಗೆ ಕಬ್ಬಿನ ಗಾಡಿಗಳ ಸಾಲು. ಮೊದಲೇ ನಾಲೆಯ ತುದಿಯಲ್ಲಿರುವ ಊರು. ಇದ್ದ ನೀರನ್ನೇ ಹಳ್ಳಕ್ಕೆ ಚೆಲ್ಲಿ, ನಮ್ಮಲ್ಲಿ ಬೇಕಾದಷ್ಟಿದೆ ಎಂದು ತಾವೇ ತೋರಿಸಿ, ತಮ್ಮ ಪಾಲಿಗೆ ತಾವೇ ಕತ್ತರಿ ಇಟ್ಟುಕೊಂಡಿದ್ದರು. ಕೆಂಪಯ್ಯನಿಗೆ ಇದು ಗೊತ್ತಿಲ್ಲ. ಮರಿಸಿದ್ದಯ್ಯನಿಗೂ ಇಲ್ಲ. ಗೊತ್ತಾಗಿದ್ದು ಅವರ ಊರಿನ ಒಬ್ಬ ಹುಡುಗಿಗೆ, ಅದನ್ನು ತಪ್ಪಿಸಲು ಹಳ್ಳಕ್ಕೆ ಇಳಿದವಳ ಮೇಲೆ ಅವರೇ ನೀರು ಬಿಟ್ಟರು. ಪೊಲೀಸ್ ಕೆಲಸದಲ್ಲಿ ಅಳಬಾರದೆಂದು ಕಲಿತಿದ್ದ ನಾಗಶ್ರೀ ಆಗ ಬೆನ್ನು ತೋರಿಸಿಯೇ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು.

ಶುಕ್ರವಾರ ಆ ಹೊತ್ತಿಗೆ ನೀವೆಲ್ಲಿದ್ದಿರಿ ಎಂದು ಕೇಳುವುದು ಬಾಕಿ ಇತ್ತು. ವೀಣ ಅವತ್ತು ಬೆಳಗಿನಿಂದ ಮಂಡ್ಯದಲ್ಲೇ ಸಮಿತಿಯ ಸಭೆಯಲ್ಲಿದ್ದಳು, ಒಂದು ಕೋಣೆ ತುಂಬ ಜನ ನೋಡಿದ್ದರು. ಮಂಡ್ಯ ಬಿಡುವ ಮೊದಲೇ ನಾಗಶ್ರೀ ಅದನ್ನು ಖಚಿತಪಡಿಸಿಕೊಂಡಳು.

“ವರದಿ ಸೋಮವಾರ ಹೋಗುತ್ತಾ?”

“ಹೋಗಬಾರದು ಅಂತ ನಾನೊಬ್ಬಳು ಹೇಳಿದರೆ ಕೇಳುವವರಿಲ್ಲ. ಅಳತೆ ಸುಳ್ಳು ಅನ್ನುವುದಕ್ಕೆ ಪೊಲೀಸರ ದಾಖಲೆ ಬೇಕು,” ಎಂದಳು ವೀಣ. ಆಮೇಲೆ, ಅವಳ ದುಪಟ್ಟವನ್ನು ಮನೆಗೆ ತಲುಪಿಸುತ್ತೀರಾ ಎಂದು ಕೇಳಿದಳು. ಅದನ್ನು ಕೈಗೆತ್ತಿಕೊಳ್ಳುವ ಧೈರ್ಯ ತನಗಿಲ್ಲ ಎಂದಳು.

*

ಕೋಡಿದೊಡ್ಡಿಗೆ ಮರಳಿದಾಗ ದನಗಳು ಮನೆಗೆ ಬರುವ ಹೊತ್ತು. ದಾರಿಯುದ್ದಕ್ಕೂ ನಾಗಶ್ರೀ ಲೆಕ್ಕ ಹಾಕುತ್ತ ಬಂದಿದ್ದಳು. ಒಬ್ಬಳು ಫೋನು ಮಾಡಿದಳು, ಒಬ್ಬ ಹೇಳಿದ, ಒಬ್ಬ ಎತ್ತಿದ. ಮೂವರದೂ ತಪ್ಪೇ, ಯಾರದೂ ಕೊಲೆಯಲ್ಲ. ಆದರೆ ಅವರ ನಡುವೆ ಇನ್ನೊಬ್ಬರಿದ್ದರು. ಓಗೊಟ್ಟ ಹೆಂಗಸು. ತಿರುವಿನ ತನಕ ಎದ್ದು ಹೋಗಿ ನೋಡಿದ್ದರೆ ಸೇತುವೆಯ ಕಂಬದ ಬುಡದಲ್ಲಿ ನಿಂತ ಹುಡುಗಿ ಕಾಣಲೇಬೇಕಿತ್ತು.

ಪಟ್ಟಲಮ್ಮನ ಗಂಡ ನಿಂಗಯ್ಯ ಜಗಲಿಯ ಮೇಲೆ ಕೂತು ಹಸುವಿನ ಹಗ್ಗ ಹೊಸೆಯುತ್ತಿದ್ದ. ನಾಗಶ್ರೀಯನ್ನು ನೋಡಿ ಒಳಗಿದ್ದಾಳೆ ಎಂದು ತಲೆಯಾಡಿಸಿದ, ಅಷ್ಟೇ. ಮಗಳು ಸತ್ತಾಗಿನಿಂದ ಅವನು ಮಾತು ಬಿಟ್ಟಿದ್ದಾನೆಂದು ಊರವರು ಹೇಳಿದ್ದರು.

ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕರಿಗೌನು ತೊಟ್ಟು ನಗುತ್ತಿರುವ ಶೋಭಿತಾ. ನಾಗಶ್ರೀ ದುಪಟ್ಟವನ್ನು ಪಟ್ಟಲಮ್ಮನ ಕೈಗೆ ಕೊಟ್ಟಳು. ಪಟ್ಟಲಮ್ಮ ಅದನ್ನು ಮೂಸಿ ನೋಡಿ ಮಡಿಲಲ್ಲಿಟ್ಟುಕೊಂಡಳು.

ಯಾರು ಅಂತ ಗೊತ್ತಾಯ್ತೇನವ್ವ ಎಂದು ಎಂದಿನಂತೆ ಕೇಳಿದಳು. ನಾಗಶ್ರೀ ಎಲ್ಲವನ್ನೂ ಹೇಳಿದಳು. ವೀಣಾಳ ಫೋನು, ಕೆಂಪಯ್ಯನ ಮಾತು, ಮರಿಸಿದ್ದಯ್ಯನ ಚಕ್ರ. ನಾಲೆಯ ಸರದಿ ಕಳೆದುಕೊಳ್ಳಲಿದ್ದ ಊರಿಗಾಗಿ ಮಗಳು ಹಳ್ಳಕ್ಕೆ ಇಳಿದದ್ದನ್ನೂ ಹೇಳಿದಳು. ಪಟ್ಟಲಮ್ಮ ಒಂದಕ್ಕೂ ಬೆಚ್ಚಲಿಲ್ಲ. ಇವೆಲ್ಲ ತನಗೆ ಬೇಕಾದ ಉತ್ತರವೇ ಅಲ್ಲ ಎನ್ನುವಂತೆ ಕೇಳಿಸಿಕೊಂಡಳು.

“ಇನ್ನೊಬ್ಬರು ಬಾಕಿ ಇದ್ದಾರೆ ಅಮ್ಮ. ಓಗೊಟ್ಟವರು,” ಎಂದಳು ನಾಗಶ್ರೀ. “ಅವರು ಸಿಕ್ಕರೆ...”

ಪಟ್ಟಲಮ್ಮ ಎದ್ದು ಹೋಗಿ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು. ಗಂಡನಿಗೆ ಕೇಳಿಸಬಾರದೆಂದು.

“ಸಿಕ್ಕವ್ರೆ ಕಣವ್ವ. ನಿನ್ ಮುಂದೇ ಕುಂತವ್ರೆ.”

ನಾಗಶ್ರೀಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ, ಈ ತಾಯಿ ದಿನಾ ಠಾಣೆಯ ಮೆಟ್ಟಿಲ ಮೇಲೆ ಯಾಕೆ ಕೂರುತ್ತಿದ್ದಳೆಂಬುದೂ ಅರ್ಥವಾಯಿತು. ತನ್ನ ಹೆಸರಲ್ಲದೆ ಇನ್ನೊಂದು ಹೆಸರು ಪೊಲೀಸರ ಬಾಯಿಂದ ಬಂದೀತೇ ಎಂದು ಕಾಯುತ್ತಿದ್ದಳು.

ಅವತ್ತು ಬೆಳಿಗ್ಗೆ ಶೋಭಿತಾ ತಾಯಿಗೆ ಫೋನ್ ಮಾಡಿದ್ದಳು. ಹಳ್ಳದಲ್ಲಿ ಕೆಲಸವಿದೆ, ಯಾರಿಗೂ ಹೇಳಬೇಡ, ಮುಗಿಸಿಕೊಂಡು ಊಟಕ್ಕೆ ಬರುತ್ತೇನೆ ಎಂದಿದ್ದಳು. ಮಗಳು ಬರುವ ಹೊತ್ತಿಗೆ ಬಟ್ಟೆ ಒಗೆದು ಮುಗಿಸೋಣವೆಂದು ಪಟ್ಟಲಮ್ಮ ಕಲ್ಲಿನ ಬಳಿ ಹೋಗಿದ್ದಳು. ಆಗ ಮರಿಸಿದ್ದಯ್ಯನ ಕೂಗು ಬಂತು.

“ಎದ್ದು ನೋಡಲಿಲ್ಲವಾ?”

“ಎದ್ದೆ ಕಣವ್ವ. ನಾಕೆಜ್ಜೆ ಮಡಗ್ದೆ. ಅಷ್ಟ್ರಲ್ಲಿ ಸೇತ್ವೆ ಮ್ಯಾಲೆ ಕಾಣುಸ್ಬುಡ್ತಲ್ಲ.”

“ಏನು?”

“ನನ್ ಮಗ್ಳು.”

ಕಿತ್ತಳೆ ಬಣ್ಣದ ಜಾಕೀಟು, ತಲೆಗೆ ಬಿಳಿ ಟೋಪಿ. ಅಳತೆಯವರೂ ಅವರಿಗೆ ನೆರವಾಗುವ ಊರಿನವರೂ ತೊಡುವಂಥದ್ದು. ತಿರುವಿಗೆ ಇನ್ನೂ ಹೋಗಿರಲಿಲ್ಲ, ಸೇತುವೆಯ ಮೇಲ್ಭಾಗ ಮಾತ್ರ ಪೊದೆಗಳ ಮೇಲಿಂದ ಕಾಣುತ್ತಿತ್ತು. ಮಗಳು ಮೇಲೆಯೇ ನಿಂತಿದ್ದಾಳಲ್ಲ, ಇನ್ನು ಕೆಳಗೆ ಯಾರಿದ್ದಾರು ಎಂದು ಪಟ್ಟಲಮ್ಮ ಅಲ್ಲೇ ನಿಂತಳು. ಬುಡು ಎಂದು ಮರಿಸಿದ್ದಯ್ಯನಿಗೆ ಓಗೊಟ್ಟು, ಬಟ್ಟೆ ಎತ್ತಿಕೊಂಡು, ಸಾರಿಗೆ ಇಡಲು ಮನೆಗೆ ನಡೆದಳು.

ಹೆಣವನ್ನು ನೀರಿನಿಂದ ಎತ್ತಿದಾಗ ನಾಗಶ್ರೀಯೂ ಅಲ್ಲಿದ್ದಳು. ಶೋಭಿತಾಳ ಮೈಮೇಲೆ ಕಿತ್ತಳೆ ಜಾಕೀಟು ಇತ್ತು.

“ಆ ಜಾಕೀಟ್ನ ಆಸ್ಪತ್ರೇಲಿ ಬಿಚ್ಚಿದ್ದು ನಾನೇ,” ಎಂದಳು ಪಟ್ಟಲಮ್ಮ. “ಬಿಚ್ಚೋವಾಗ್ಲೇ ಗೊತ್ತಾಯ್ತು. ಮ್ಯಾಲೆ ನಿಂತಿದ್ದು ಇವ್ಳಲ್ಲ ಅಂತ.”

“ಅವತ್ತೇ ಯಾಕೆ ಹೇಳಲಿಲ್ಲ?”

“ಏಳುದ್ರೆ, ಬುಡು ಅಂದೋಳು ನಾನೇ ಅಂತ್ಲೂ ಏಳ್ಬೇಕಿತ್ತಲ್ಲವ್ವ. ಆ ಮನ್ಸ ಅಲ್ ಕುಂತವ್ನೆ. ಅವುನ್ಗೆ ಯಾವ ಬಾಯಲ್ಲಿ ಏಳ್ಲಿ.”

ಹೊರಗೆ ಹಗ್ಗ ಹೊಸೆಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ದೂರದಿಂದ ನೋಡಿ ತಪ್ಪು ತಿಳಿದದ್ದು ನಿಮ್ಮ ಅಪರಾಧವಲ್ಲ, ಮೇಲೆ ನಿಂತಿದ್ದವರಿಗೂ ನಿಮ್ಮ ಮಾತು ಕೇಳಿಸಿರಲಿಕ್ಕಿಲ್ಲ ಎಂದಳು ನಾಗಶ್ರೀ.

ಪಟ್ಟಲಮ್ಮ ತಲೆಯಾಡಿಸಿದಳು. ಅಲ್ಲ ಎನ್ನುವಂತೆ.

“ಕೇಳುಸ್ತು. ಓಗೊಡೋಕ್ ಮುಂಚೆ ಅತ್ಲಾಗ್ ತಿರಿಕ್ಕಂಡು ಕೂಗ್ದೆ. ‘ಸೋಬೀ, ನೀರ್ ಬುಡ್ಸ್ಲಾ?’ ಅಂತ ಎಸ್ರಿಡ್ದು ಕೂಗ್ದೆ.” ಅವಳು ದುಪಟ್ಟದ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. “ನನ್ ಕಡೀಕ್ ತಿರುಗ್ತು. ಬುಡ್ಸು ಅಂತ ಕೈ ಬೀಸ್ತು. ನಾನೂ ಬೀಸ್ದೆ.”

ಸೇತುವೆಯ ಮೇಲೆ ನಿಂತವರಿಗೆ ಕಂಬದ ಬುಡ ಕಾಣದೆ ಇರುವುದಿಲ್ಲ. ಅಲ್ಲಿ ಕಿವಿ ಮುಚ್ಚಿಕೊಂಡು ನಿಂತ ಹುಡುಗಿಯನ್ನು ಅವರು ನೋಡಿದ್ದರು. ತಾಯಿ ತಮ್ಮನ್ನೇ ಮಗಳೆಂದು ತಿಳಿದು ಕೇಳುತ್ತಿದ್ದಾಳೆಂದೂ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಬೀಸಿದ್ದರು. ಬೆಳಗಿನಿಂದ ನಾಗಶ್ರೀ ಕಟ್ಟಿಕೊಂಡು ಬಂದ ಲೆಕ್ಕವೆಲ್ಲ ಆ ಒಂದು ಮಾತಿಗೆ ಕುಸಿಯಿತು. ಇದು ಕೊಲೆ.

ಅವಳು ಮುಚ್ಚಿಡದೆ ಹೇಳಿದಳು. ಇದನ್ನು ಕಂಡವರು ನೀವೊಬ್ಬರೇ. ನೀವು ಹೇಳಿಕೆ ಕೊಟ್ಟರೆ ಪ್ರಕರಣ ಉಳಿಯುತ್ತದೆ, ವರದಿ ನಿಲ್ಲುತ್ತದೆ, ಊರಿನ ನೀರೂ ಉಳಿಯುತ್ತದೆ. ಕೊಡದಿದ್ದರೆ ಮೇಲಿನವರು ಆಕಸ್ಮಿಕ ಅಂತ ಮುಚ್ಚಿಸುತ್ತಾರೆ, ಸೋಮವಾರಕ್ಕೆ ಎಲ್ಲ ಮುಗಿಯಿತು. ಆದರೆ ಹೇಳಿಕೆಯಲ್ಲಿ ಓಗೊಟ್ಟ ಮಾತು ಬಿಡಲು ಬರುವುದಿಲ್ಲ. ಅದನ್ನು ಊರಿನವರೂ ಓದುತ್ತಾರೆ, ನಿಮ್ಮ ಮನೆಯವರೂ ಓದುತ್ತಾರೆ.

ಪಟ್ಟಲಮ್ಮ ಗೋಡೆಯ ಮೇಲಿನ ಮಗಳನ್ನು ನೋಡಿದಳು. ಎದ್ದು ಬಾಗಿಲು ತೆರೆದಳು.

“ಒಳೀಕ್ ಬಾ,” ಎಂದು ಗಂಡನನ್ನು ಕರೆದಳು. “ನಿನ್ಗೊಂದ್ ಮಾತ್ ಏಳ್ಬೇಕು.”

ನಿಂಗಯ್ಯ ಹಗ್ಗವನ್ನು ಕೆಳಗಿಟ್ಟು ಬಂದು ಹೊಸಿಲಲ್ಲಿ ನಿಂತ. ಅವನು ಅವಳ ಕೈಯಲ್ಲಿದ್ದ ದುಪಟ್ಟವನ್ನು ಮೆಲ್ಲಗೆ ತೆಗೆದುಕೊಂಡ.

“ನೀನೇನೂ ಏಳ್ಬ್ಯಾಡ. ಮರಿಸಿದ್ದ ಅವತ್ತೇ ಏಳ್ದ.”

ಇಷ್ಟು ದಿನ ಅವನು ಮಾತು ಬಿಟ್ಟದ್ದು ದುಃಖಕ್ಕೆಂದು ಎಲ್ಲರೂ ತಿಳಿದಿದ್ದರು. ನಾಗಶ್ರೀಯೂ ತಿಳಿದಿದ್ದಳು. ಅವನು ನಾಗಶ್ರೀಯ ಕಡೆ ತಿರುಗಲಿಲ್ಲ, ಹೆಂಡತಿಯ ಮುಖವನ್ನೇ ನೋಡುತ್ತ ಹೇಳಿದ.

“ಸೇತ್ವೆ ಇಳ್ದು ಆ ಜಾಕೀಟ್ನ ಬಿಚ್ಚಿ ಆಲೆಮನೆ ಗಾಡಿ ಡಿಕ್ಕೀಲಿ ತುರುಕ್ದೋರ್ನ ನಾನ್ ಕಂಡಿವ್ನಿ. ಆಗ ಯಾಕೆ ಅಂತ ಒಳೀಲಿಲ್ಲ. ಒಳ್ದ ಮ್ಯಾಲೆ ಬಾಯ್ ಬುಡ್ನಿಲ್ಲ. ನಾನು ಅವ್ರ ಎಸ್ರು ಏಳುದ್ರೆ, ಅವ್ರು ನಿನ್ ಎಸ್ರು ಏಳ್ತಾರೆ ಅಂತ ಸುಮ್ಕಿದ್ದೆ.”